ಕತ್ತಲಲ್ಲಿ ಅಡ್ಡ ಹಾಯುವ ಬೈಸಿಕಲ್ಲು

ಮಳೆಗಾಲದ ಒಂದು ಸಂಜೆ, ಏಳೂವರೆ ಗಂಟೆಯ ಸಮಯ. ಊರಿನ ಅಂಚಿನ ಬಡಾವಣೆಯೊಂದರಲ್ಲಿ, ಮಿತ್ರರೊಬ್ಬರು ನಡೆಸುತ್ತಿದ್ದ ಕಾರಿನಲ್ಲಿ ಅವರ ಪಕ್ಕದಲ್ಲಿ ಕುಳಿತು ನಾನು ಮನೆಗೆ ಮರಳುತ್ತಿದ್ದೆನು. ವಿದ್ಯುತ್ತು ನಿಂತುಹೋಗಿ ಬೀದಿಯ ದೀಪಗಳೆಲ್ಲವೂ ಆರಿದ್ದುವು. ಮಿತ್ರರು ಎಚ್ಚರಿಕೆಯ ಮನುಷ್ಯರು. ಗಾಡಿಯ ವೇಗ ಗಂಟೆಗೆ 30 ಕಿಲೋಮೀಟರನ್ನು ಮೀರಿರಲಿಲ್ಲ. ನಾಲ್ಕು ರಸ್ತೆಗಳು ಕೂಡುವ ಸ್ಥಳಕ್ಕೆ ಬರುತ್ತಿದ್ದಂತೆಯೇ ಬಲಗಡೆಯ ಕತ್ತಲೆಯೊಳಗಿನಿಂದ ಬೈಸಿಕಲ್ಲೊಂದು ನಮ್ಮ ದೀಪಗಳ ಮುಂದಕ್ಕೆ ಥಟ್ಟನೆ ಬಂದಿತು. ಬ್ರೇಕು ಕಿರುಗುಟ್ಟಿತು. ಗಾಡಿ ನಿಂತಾಗ ಬೈಸಿಕಲ್ಲಿಗೂ ನಮಗೂ ನಡುವೆ ಒಂದು ಮೊಳ ಉಳಿದಿದ್ದಿರಬಹುದು. ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದ, ಹದಿನಾಲ್ಕರ ವಯಸ್ಸಿನ ಹುಡುಗ.

“ನೋಡಿಕೊಂಡು ಬರಬಾರದೇನಪ್ಪ?” ಎಂದು ಮಿತ್ರರು ನಡುಗುವ ದನಿಯಲ್ಲಿ ಕೇಳಿದರು.

“ನೋಡಿದ್ದೆ ಸಾರ್. ನಿಮ್ಮ ಲೈಟು ಅಷ್ಟು ದೂರದಿಂದಲೇ ಕಾಣಿಸುತ್ತಿತ್ತು. ನಿಮಗೂ ನಾನು ಕಾಣಿಸಿದ್ದೀನಿ ಅಂದುಕೊಂಡೆ” ಎಂದನು ಹುಡುಗ.

ಅವನ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಕೆಳಗಿಳಿದು ನೋಡಿದೆವು. ಬೈಸಿಕಲ್ಲಿನ ಹ್ಯಾಂಡಲಿನ ಮುಂದೆ ಬಿಳಿಯ ಪ್ರತಿಫಲಕವಿತ್ತು. ಹಿಂದಿನ ಮಡ್‌ಗಾರ್ಡಿನ ಮೇಲೆ ಕೆಂಪು ಪ್ರತಿಫಲಕವಿತ್ತು. ಎರಡು ಗಾಲಿಗಳ ಕಡ್ಡಿಗಳ ನಡುವೆಯೂ ಕಿತ್ತಳೆ ಬಣ್ಣದ ಬಿಲ್ಲೆಗಳಿದ್ದುವು. ದೀಪವೊಂದಿರಲಿಲ್ಲ. ಆದರೆ ಪಕ್ಕದಿಂದ ನೋಡುವವರಿಗಾಗಿಯೇ ಇಟ್ಟಿದ್ದ ಆ ಕಿತ್ತಳೆಯ ಬಿಲ್ಲೆಗಳು ನಮ್ಮ ಕಣ್ಣಿಗೆ ಏಕೆ ಬೀಳಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಆ ಬಿಲ್ಲೆ ಕೆಲಸಮಾಡುವ ಬಗೆಯನ್ನು ತಿಳಿಯಬೇಕು.

ಕೇರಂ ಆಡುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಲಗೆಯ ಮೂಲೆಯ ಸಮೀಪಕ್ಕೆ ಸ್ಟ್ರೈಕರನ್ನು ಓರೆಯಾಗಿ ಹೊಡೆದಾಗ, ಅದು ತೂತಿಗೆ ಬೀಳದೆ ಒಂದು ಪಟ್ಟಿಗೂ ಒಡನೆಯೇ ಪಕ್ಕದ ಪಟ್ಟಿಗೂ ತಗುಲಿದರೆ, ಬಂದ ದಾರಿಗೆ ಸಮಾನಾಂತರವಾಗಿ ಹೊಡೆದವನ ಕಡೆಗೇ ಮರಳುತ್ತದೆ. ಎಷ್ಟು ಓರೆಯಾಗಿ ಹೊಡೆದರೂ ಹೀಗೆಯೇ. ಮೊದಲನೆಯ ಪಟ್ಟಿ ಅದರ ಚಲನೆಯ ಒಂದು ಅಂಶವನ್ನು ತಿರುಗಿಸುತ್ತದೆ, ಲಂಬವಾಗಿರುವ ಎರಡನೆಯ ಪಟ್ಟಿ ಉಳಿದ ಅಂಶವನ್ನು ತಿರುಗಿಸುತ್ತದೆ. ಎರಡೂ ತಿರುಗಿದ ಮೇಲೆ ದಿಕ್ಕು ಪೂರ್ತಿಯಾಗಿ ಹಿಂದುಮುಂದಾಗಿರುತ್ತದೆ. ಬೆಳಕು ಹಲಗೆಯ ಮೇಲೆ ಹರಿಯುವ ವಸ್ತುವಲ್ಲ, ಆಕಾಶದ ಮೂರು ಆಯಾಮಗಳಲ್ಲಿಯೂ ಸಂಚರಿಸುವಂಥದು. ಆದುದರಿಂದ ಅದನ್ನು ಹಿಂದಿರುಗಿಸಲು ಒಂದಕ್ಕೊಂದು ಲಂಬವಾಗಿ ಕೂಡಿದ ಮೂರು ಕನ್ನಡಿಗಳು ಬೇಕು. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ. ಮೂರು ಚಿಕ್ಕ ಕನ್ನಡಿಗಳನ್ನು ಹೀಗೆ ಜೋಡಿಸಿ ಅದರೊಳಗೆ ಇಣುಕಿರಿ. ತಲೆಯನ್ನು ಎತ್ತ ಸರಿಸಿದರೂ ಮೂಲೆಯಲ್ಲಿ ನಿಮ್ಮ ಕಣ್ಣೇ ನಿಮ್ಮನ್ನು ನೋಡುತ್ತಿರುತ್ತದೆ.

ಬೈಸಿಕಲ್ಲಿನ ಬಿಲ್ಲೆಯನ್ನು ಹತ್ತಿರದಿಂದ ಪರೀಕ್ಷಿಸಿದರೆ, ನಯವಾದ ಮೇಲ್ಮೈಯ ಹಿಂದೆ ಇಂತಹ ಪುಟ್ಟ ಮೂಲೆಗಳು ಸಾಲುಸಾಲಾಗಿ ಅಚ್ಚೊತ್ತಿರುವುದು ಕಾಣುತ್ತದೆ. ಅದು ಬೆಳಕನ್ನು ಎಲ್ಲೆಡೆಗೆ ಚೆಲ್ಲುವುದಿಲ್ಲ. ಬಂದಲ್ಲಿಗೇ ಹಿಂದಕ್ಕೆ ಕಳುಹಿಸುತ್ತದೆ. ಇದಕ್ಕೆ ಹಿಮ್ಮುಖ ಪ್ರತಿಫಲಕವೆಂದು ಹೆಸರು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಫಲಕದಲ್ಲಿದ್ದುದೂ ಇಂತಹ 100 ಗಾಜಿನ ಮೂಲೆಗಳೇ. ಭೂಮಿಯಿಂದ ಬಿಟ್ಟ ಲೇಸರು ಕಿರಣ ಅವುಗಳಿಂದ ಮರಳಿ ಭೂಮಿಗೇ ಬರುತ್ತದೆ. 2023ರಲ್ಲಿ ಚಂದ್ರನ ಮೇಲಿಳಿದ ನಮ್ಮ ವಿಕ್ರಮ್ ನೌಕೆಯ ಮೇಲೆಯೂ ಎಂಟು ಮೂಲೆಗಳ ಒಂದು ಪುಟ್ಟ ಪ್ರತಿಫಲಕವುಂಟು. ಶಾಲೆಯ ಹುಡುಗನ ಬೈಸಿಕಲ್ಲಿಗೂ ಚಂದ್ರಲೋಕಕ್ಕೂ ಇರುವ ಈ ನಂಟು ವಿಚಿತ್ರವಾದುದಲ್ಲವೇ?

ಬೆಳಕನ್ನು ಹಿಂದಿರುಗಿಸುವ ಇನ್ನೊಂದು ಉಪಾಯವೂ ಉಂಟು. ಚಳಿಗಾಲದ ಮುಂಜಾನೆ ಎಳೆಬಿಸಿಲಿಗೆ ಬೆನ್ನುಮಾಡಿ ಗದ್ದೆಯ ಬದುವಿನ ಮೇಲೆ ನಿಂತು, ಇಬ್ಬನಿ ತುಂಬಿದ ಪೈರಿನ ಮೇಲೆ ಬಿದ್ದ ನಿಮ್ಮ ನೆರಳನ್ನು ನೋಡಿರಿ. ತಲೆಯ ನೆರಳಿನ ಸುತ್ತ ಬೆಳ್ಳನೆಯ ಪ್ರಭೆಯೊಂದು ಕಾಣುತ್ತದೆ. ಪಕ್ಕದಲ್ಲಿ ನಿಂತ ಗೆಳೆಯನಿಗೆ ಅದು ಅವನ ತಲೆಯ ಸುತ್ತಲೇ ಕಾಣುವುದು, ನಿಮ್ಮ ತಲೆಯ ಸುತ್ತ ಕಾಣದು! ಇಬ್ಬನಿಯ ಹನಿ ಸೂರ್ಯನ ಬೆಳಕನ್ನು ಹಿಂದಿರುವ ಎಲೆಯ ಮೇಲೆ ಕೇಂದ್ರೀಕರಿಸುತ್ತದೆ. ಎಲೆಯಿಂದ ಹೊರಟ ಬೆಳಕು ಮತ್ತೆ ಅದೇ ಹನಿಯ ಮೂಲಕ ಬಂದ ದಾರಿಯಲ್ಲಿ ಮರಳುತ್ತದೆ. ಹೊಳೆಯುವ ಪಟ್ಟಿಗಳಲ್ಲಿ ಇಬ್ಬನಿಯ ಬದಲು ಅತಿಸೂಕ್ಷ್ಮವಾದ ಗಾಜಿನ ಮಣಿಗಳಿರುತ್ತವೆ. ವಕ್ರೀಭವನಾಂಕ ಸುಮಾರು 1.9 ಇರುವ ಗಾಜನ್ನು ಆರಿಸಿಕೊಂಡರೆ ಬೆಳಕು ಮಣಿಯ ಹಿಂಬದಿಯ ಮೇಲೆಯೇ ಕೂಡುತ್ತದೆ. ಅಲ್ಲಿ ಲೋಹದ ಲೇಪವಿದ್ದರೆ ಸಾಕು. ಇಂಗ್ಲೆಂಡಿನ ಯಾರ್ಕ್‌ಷೈರಿನವನಾದ ಪರ್ಸಿ ಷಾ ಎಂಬಾತ 1934ರಲ್ಲಿ ಪೇಟೆಂಟು ಪಡೆದ, ರಸ್ತೆಯ ನಡುವೆ ಹುದುಗಿಸುವ ‘ಬೆಕ್ಕಿನ ಕಣ್ಣು’ಗಳಲ್ಲಿಯೂ ಮಸೂರ, ಅದರ ಹಿಂದೆ ಕನ್ನಡಿ, ಇದೇ ಏರ್ಪಾಡು. ಗಾಡಿಯ ಗಾಲಿ ಒತ್ತಿದಾಗಲೆಲ್ಲ ರಬ್ಬರು ಆ ಗಾಜನ್ನು ಒರೆಸಿ ಚೊಕ್ಕಟಮಾಡುವಂತೆಯೂ ಅದನ್ನು ರಚಿಸಿದ್ದರು. ಕೆಸರು ಹಾರುವ ನಮ್ಮ ಬೈಸಿಕಲ್ಲಿನ ಬಿಲ್ಲೆಗೆ ಅಂತಹ ಸೌಕರ್ಯವಿಲ್ಲ. ಅದನ್ನು ನಾವೇ ಒರೆಸಬೇಕು.

ಪರಿಪೂರ್ಣವಾದ ಹಿಮ್ಮುಖ ಪ್ರತಿಫಲಕ ರಸ್ತೆಯಲ್ಲಿ ನಿಷ್ಪ್ರಯೋಜಕ ಎಂದರೆ ಓದುಗರು ನಂಬುವುದು ಕಷ್ಟ. ಆದರೆ ಯೋಚಿಸಿ ನೋಡಿರಿ. ದೀಪದಿಂದ ಬಂದ ಬೆಳಕು ಸ್ವಲ್ಪವೂ ಚದರದೆ ದೀಪಕ್ಕೇ ಮರಳಿದರೆ, ದೀಪಕ್ಕಿಂತ ಮೇಲೆ ಕುಳಿತ ಚಾಲಕನ ಕಣ್ಣಿಗೆ ಏನು ದೊರಕೀತು? ಆದುದರಿಂದ ಮರಳುವ ಬೆಳಕು ಒಂದೆರಡು ಡಿಗ್ರಿಗಳಷ್ಟು ಅಗಲವಾದ ಶಂಕುವಿನಂತೆ ಹರಡುವಂತಿರಬೇಕು. ಕಾರಿನಲ್ಲಿ ಚಾಲಕನ ಕಣ್ಣು ದೀಪಕ್ಕಿಂತ ಸುಮಾರು ಅರ್ಧ ಮೀಟರು ಮೇಲಿರುತ್ತದೆ. 50 ಮೀಟರು ದೂರದ ಬಿಲ್ಲೆಯಿಂದ ನೋಡಿದರೆ ದೀಪಕ್ಕೂ ಕಣ್ಣಿಗೂ ನಡುವಣ ಕೋನ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಲಾರಿಯಲ್ಲಿ ಕಣ್ಣು ಒಂದೂವರೆ ಮೀಟರು ಮೇಲಿದ್ದರೆ ಆ ಕೋನ 1.7 ಡಿಗ್ರಿಯಾಗುತ್ತದೆ. ಶಂಕುವಿನ ಅಂಚಿಗೆ ಹೋದಷ್ಟೂ ಬೆಳಕು ಕ್ಷೀಣ. ಹೀಗಾಗಿ ಕಾರಿನವನಿಗೆ ಥಳಥಳಿಸುವ ಬಿಲ್ಲೆ ಲಾರಿಯವನಿಗೆ ಮಂಕಾಗಿಯೇ ಕಾಣುತ್ತದೆ. ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಓಡಾಡುವುವು ಹೆಚ್ಚಾಗಿ ಯಾವ ವಾಹನಗಳೆಂಬುದನ್ನು ನೆನೆದರೆ ಇದು ಹಗುರವಾಗಿ ಬಿಡತಕ್ಕ ವಿಷಯವಲ್ಲ.

ಪಕ್ಕದಿಂದ ನೋಡಿದಾಗ ಬೈಸಿಕಲ್ಲೆಂಬುದು ಬಹುಮಟ್ಟಿಗೆ ಬರಿಯ ಗಾಳಿ! ಕೆಲವು ಕೊಳವೆಗಳು, ಸಣ್ಣ ಕಡ್ಡಿಗಳು, ಎರಡು ಕಪ್ಪು ಟೈರುಗಳು, ಇವಿಷ್ಟೇ. ಆದರೆ ಅದಕ್ಕೆ ಬೇರೆ ಯಾವ ವಾಹನಕ್ಕೂ ಇಲ್ಲದ ಒಂದು ಗುರುತುಂಟು. ಬಯಲಾಗಿ ಉರುಳುವ ಎರಡು ದೊಡ್ಡ ವೃತ್ತಗಳೇ ಆ ಗುರುತು. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಗಾಲಿ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸುತ್ತು ತಿರುಗುತ್ತದೆ. ರಿಮ್ಮಿನ ಬಳಿ ಕಟ್ಟಿದ ಬಿಲ್ಲೆ ಮೇಲಕ್ಕೆ ಬಂದಾಗ ಬೈಸಿಕಲ್ಲಿನ ಸುಮಾರು ಎರಡರಷ್ಟು ವೇಗದಿಂದ ಮುಂದೆ ನೆಗೆಯುತ್ತದೆ. ಕೆಳಕ್ಕೆ ಬಂದಾಗ ಕ್ಷಣಕಾಲ ನಿಂತೇಬಿಟ್ಟಂತೆ ತೋರುತ್ತದೆ. ಹೀಗೆ ಕುಪ್ಪಳಿಸುತ್ತ ಸಾಗುವ ಬೆಳಕಿನ ಚುಕ್ಕೆಯನ್ನು ಕಂಡೊಡನೆ ಅದು ಗೂಟಕ್ಕೆ ಹೊಡೆದ ಬಿಲ್ಲೆಯಲ್ಲ, ಉರುಳುವ ಗಾಲಿಯೆಂದು ಮನಸ್ಸು ಗ್ರಹಿಸುತ್ತದೆ. ಚಲನೆಯಿಂದಲೇ ವಸ್ತುವನ್ನು ಗುರುತಿಸುವ ಈ ಶಕ್ತಿ ನಮ್ಮಲ್ಲಿ ಬಲವಾಗಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ ಅವರು ಕತ್ತಲಲ್ಲಿ ನಡೆಯುವವನ ಕೀಲುಗಳ ಮೇಲೆ ಮಾತ್ರ ಬೆಳಕಿನ ಚುಕ್ಕೆಗಳು ಕಾಣುವಂತೆ ಮಾಡಿ, ಅಷ್ಟರಿಂದಲೇ ನೋಡುವವರು ಅದು ಮನುಷ್ಯನೆಂದು ಕ್ಷಣಮಾತ್ರದಲ್ಲಿ ಹೇಳಬಲ್ಲರೆಂಬುದನ್ನು 1973ರಲ್ಲಿ ಪ್ರಕಟಿಸಿದರು. ಪೆಡಲು ತುಳಿಯುವವನ ಕಣಕಾಲಿಗೆ ಕಟ್ಟಿದ ಹೊಳೆಯುವ ಪಟ್ಟಿಯೂ ಇಂತಹುದೇ. ಪೆಡಲಿನ ಬಿಲ್ಲೆಗಳು ಹಿಂದಕ್ಕೂ ಮುಂದಕ್ಕೂ ಮುಖಮಾಡಿರುತ್ತವೆ. ಕಾಲಿನ ಪಟ್ಟಿಯಾದರೋ ಸುತ್ತಲೂ ಕಾಣುತ್ತದೆ.

ಅಮೆರಿಕದಲ್ಲಿ 1970ರ ದಶಕದಲ್ಲಿ ಬಂದ ನಿಯಮಗಳು ಹೊಸ ಬೈಸಿಕಲ್ಲುಗಳ ಗಾಲಿಗೆ ಕಡ್ಡಿಯ ಪ್ರತಿಫಲಕವಾಗಲಿ ಹೊಳೆಯುವ ಟೈರಾಗಲಿ ಇರಬೇಕೆಂದು ವಿಧಿಸಿದುವು. ನೆದರ್ಲೆಂಡ್ಸಿನಲ್ಲಿ ಗಾಲಿಯ ಪಕ್ಕದಲ್ಲಿ ಪೂರ್ಣ ವೃತ್ತವೇ ಹೊಳೆಯಬೇಕು. ಜರ್ಮನಿಯಲ್ಲಿ ವೃತ್ತವಿರಬೇಕು, ಇಲ್ಲವೆ ಪ್ರತಿಯೊಂದು ಗಾಲಿಗೂ ಎರಡು ಹಳದಿ ಬಿಲ್ಲೆಗಳಾದರೂ ಇರಬೇಕು, ಇಲ್ಲವೆ ಕಡ್ಡಿಗಳೆಲ್ಲವೂ ಹೊಳೆಯುವಂತಿರಬೇಕು. ಭಾರತ ಸರ್ಕಾರವೂ 2020ರಲ್ಲಿ ಈ ಪ್ರತಿಫಲಕಗಳ ಗುಣಮಟ್ಟದ ಬಗ್ಗೆ ಆಜ್ಞೆ ಹೊರಡಿಸಿತು. ನನ್ನ ಮಟ್ಟಿಗೆ ಹೇಳುವುದಾದರೆ ವೃತ್ತವೇ ಉತ್ತಮ. ಓರೆಯಾಗಿ ನೋಡಿದರೆ ಅದು ಅಂಡಾಕಾರವಾಗಿ ಕಂಡೀತು. ಆದರೂ ಅದು ಗಾಲಿಯೇ ಎಂಬುದರಲ್ಲಿ ಸಂಶಯ ಉಳಿಯದು, ಬೈಸಿಕಲ್ಲು ನಿಂತಿದ್ದರೂ ಸರಿಯೆ.

ಈಗ ನಮ್ಮ ಹುಡುಗನ ಬಳಿಗೆ ಹಿಂದಿರುಗೋಣ. ಕಾರಿನ ವೇಗ ಗಂಟೆಗೆ 30 ಕಿಲೋಮೀಟರು, ಬೈಸಿಕಲ್ಲಿನದು 15 ಎಂದಿಟ್ಟುಕೊಳ್ಳಿ. ಎರಡೂ ಒಂದೇ ಬಿಂದುವಿಗೆ ಒಂದೇ ಕ್ಷಣದಲ್ಲಿ ಬಂದು ಸೇರಬೇಕಾದರೆ, ಕಾರು ಆ ಬಿಂದುವಿನಿಂದ 40 ಮೀಟರು ದೂರದಲ್ಲಿದ್ದಾಗ ಬೈಸಿಕಲ್ಲು 20 ಮೀಟರು ದೂರದಲ್ಲಿರಬೇಕು. ಕಾರು 18 ಮೀಟರಿಗೆ ಬಂದಾಗ ಬೈಸಿಕಲ್ಲು 9ಕ್ಕೆ ಬಂದಿರಬೇಕು. ಕಾಗದದ ಮೇಲೆ ಬರೆದು ನೋಡಿದರೆ ಚಾಲಕನಿಗೆ ಬೈಸಿಕಲ್ಲು ಇರುವ ದಿಕ್ಕು ಉದ್ದಕ್ಕೂ ಒಂದೇ ಎಂದು ತಿಳಿಯುತ್ತದೆ. ನೇರ ದಾರಿಯಿಂದ ಬಲಕ್ಕೆ ಸುಮಾರು 27 ಡಿಗ್ರಿ. ಡಿಕ್ಕಿಯಾಗುವ ಎರಡು ವಸ್ತುಗಳ ಲಕ್ಷಣವೇ ಇದು. ದಿಕ್ಕು ಬದಲಾಗದೆ ದೂರ ಮಾತ್ರ ಕುಗ್ಗುತ್ತಿರುತ್ತದೆ. ಸಮುದ್ರದಲ್ಲಿ ಹಡಗು ನಡೆಸುವವರು ಇದನ್ನು ಚೆನ್ನಾಗಿ ಬಲ್ಲರು.

ಆದರೆ ಕಾರಿನ ದೀಪಗಳು 27 ಡಿಗ್ರಿ ಬಲಕ್ಕೆ ಬೆಳಕನ್ನು ಚೆಲ್ಲುವುವೇ? ಅವುಗಳ ತೀಕ್ಷ್ಣವಾದ ಬೆಳಕೆಲ್ಲ ಎದುರಿನ ರಸ್ತೆಗೆ ಮೀಸಲು. ಅಲ್ಲದೆ, ಎಡಬದಿಯಲ್ಲಿ ಸಂಚರಿಸುವ ನಮ್ಮಂಥ ದೇಶದಲ್ಲಿ ತಗ್ಗಿಸಿದ ದೀಪ ಎಡದ ಅಂಚಿಗೆ ತುಸು ಎತ್ತರವಾಗಿಯೂ, ಎದುರಿನಿಂದ ಬರುವವರ ಕಣ್ಣು ಕುಕ್ಕದಿರಲೆಂದು ಬಲಕ್ಕೆ ತಗ್ಗಾಗಿಯೂ ಬೆಳಗುವಂತೆ ಮಾಡಿರುತ್ತಾರೆ. ಬೆಳಕೇ ಹೋಗದ ಕಡೆ ಪ್ರತಿಫಲಕ ಹಿಂದಿರುಗಿಸುವುದಾದರೂ ಏನನ್ನು? ಮೂಲೆಯಲ್ಲಿ ಕಾಂಪೌಂಡು ಗೋಡೆಯಿದ್ದರಂತೂ ಮಾತೇ ಬೇಡ. ನೋಡಿ, ಯೋಚಿಸಿ, ಬ್ರೇಕು ಒತ್ತಿ ಗಾಡಿಯನ್ನು ನಿಲ್ಲಿಸಲು ಆ ವೇಗದಲ್ಲಿಯೂ ಸುಮಾರು 18 ಮೀಟರು ಬೇಕು. ಆ ಗಡಿಯನ್ನು ನಾವು ದಾಟುವಾಗ ಹುಡುಗ ಇನ್ನೂ ಕತ್ತಲಲ್ಲಿದ್ದನು. ಹುಡುಗನಿಗೆ ಮಾತ್ರ ನಮ್ಮ ದೀಪಗಳು ಕಾಣುತ್ತಿದ್ದುವು, ಏಕೆಂದರೆ ದೀಪವನ್ನು ಕಾಣಲು ಅದರ ಬೆಳಕಿನ ನಡುವೆ ನಿಲ್ಲಬೇಕಾದುದಿಲ್ಲ. ಅವನು ನಮ್ಮನ್ನು ನೋಡಿದುದೂ ನಿಜ, ನಾವು ಅವನನ್ನು ನೋಡದಿದ್ದುದೂ ನಿಜ.

ಹಾಗಾದರೆ ಗಾಲಿಯ ಬಿಲ್ಲೆಗಳು ವ್ಯರ್ಥವೇ? ಹಾಗಲ್ಲ. ಅಗಲವಾದ ಹೆದ್ದಾರಿಯನ್ನು ನಿಂತಲ್ಲಿಂದ ಹೊರಟು ದಾಟಲು ಬೈಸಿಕಲ್ಲಿಗೆ ಐದಾರು ಸೆಕೆಂಡುಗಳಾದರೂ ಬೇಕು. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಅಷ್ಟರಲ್ಲಿ 80ರಿಂದ 100 ಮೀಟರು ಬಂದಿರುತ್ತದೆ. ಆ ಹೊತ್ತೆಲ್ಲ ಬೈಸಿಕಲ್ಲು ಅದರ ಬೆಳಕಿನ ಎದುರಿನಲ್ಲಿಯೇ ಇದ್ದು, ಪಕ್ಕವನ್ನಷ್ಟೇ ತೋರಿಸುತ್ತಿರುತ್ತದೆ. ಅಲ್ಲಿ ಪ್ರಾಣ ಉಳಿಸತಕ್ಕುದು ಗಾಲಿಯ ಹೊಳಪೇ. ದೂರದ, ವೇಗದ ಗಾಡಿಗೆ ಪ್ರತಿಫಲಕ. ಹತ್ತಿರದ ಅಡ್ಡರಸ್ತೆಯ ಗಾಡಿಗೆ ಸ್ವಂತ ದೀಪ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ದೀಪವೆಂದರೆ ಎಂತಹುದು? ಟೈರಿಗೆ ಉಜ್ಜಿ ತಿರುಗುವ 6 ವೋಲ್ಟಿನ ಡೈನಮೊ ಹಿರಿಯರಿಗೆಲ್ಲ ಪರಿಚಿತ. ಕೂಡುರಸ್ತೆಯಲ್ಲಿ ಕಾಲೂರಿ ನಿಂತೊಡನೆ ಅದು ಆರಿಹೋಗುತ್ತಿತ್ತು. ಬೇಕಾದ ಹೊತ್ತಿಗೇ ಕೈಕೊಡುವ ಗೆಳೆಯನಂತೆ. ಈಗಿನ ಎಲ್‌ಇಡಿ ದೀಪಗಳಿಗೆ ಸಣ್ಣ ಬ್ಯಾಟರಿ ಸಾಕು, ನಿಂತಾಗಲೂ ಉರಿಯುತ್ತವೆ. ಆದರೆ ಅಗ್ಗದ ಎಷ್ಟೋ ದೀಪಗಳು ಕೊಳವೆಯೊಳಗಿನಿಂದ ನೋಡುವಂತೆ ಮುಂದಕ್ಕೆ ಮಾತ್ರ ಬೆಳಗುತ್ತವೆ. ಕೊಳ್ಳುವಾಗ ಅಂಗಡಿಯಲ್ಲಿಯೇ ದೀಪವನ್ನು ಪಕ್ಕಕ್ಕೆ ತಿರುಗಿಸಿ, ಬದಿಯ ಗಾಜಿನಿಂದಲೂ ಬೆಳಕು ಬರುವುದೇ ಎಂದು ನೋಡಬೇಕು. ಮುಂದಿನ ದೀಪವನ್ನು ನೆಲದ ಕಡೆಗೆ ತುಸು ಬಾಗಿಸಿದರೆ ಇನ್ನೊಂದು ಲಾಭವುಂಟು: ಗೋಡೆಯ ಮರೆಯಿಂದ ಬೈಸಿಕಲ್ಲು ಹೊರಬರುವ ಮೊದಲೇ ಅದರ ಬೆಳಕಿನ ತುಂಡು ಕೂಡುರಸ್ತೆಯ ನೆಲದ ಮೇಲೆ ಕಾಣಿಸಿಕೊಳ್ಳುತ್ತದೆ. ಗಾಲಿಯ ಕಡ್ಡಿಗೆ ಸಿಕ್ಕಿಸುವ ಪುಟ್ಟ ದೀಪಗಳೂ ದೊರೆಯುತ್ತವೆ. ಅವನ್ನು ಆಟದ ಸಾಮಾನೆಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗೆ ತಿಳಿಯುವುದಿಲ್ಲ.

ಇದನ್ನೆಲ್ಲ ನೀವೇ ಪರೀಕ್ಷಿಸಬಹುದು. ಕತ್ತಲಾದ ಮೇಲೆ ಬೈಸಿಕಲ್ಲನ್ನು ಶಾಲೆಯ ಮೈದಾನದಲ್ಲಿ ಸ್ಟ್ಯಾಂಡು ಹಾಕಿ ನಿಲ್ಲಿಸಿ, ಐವತ್ತು ಹೆಜ್ಜೆ ದೂರ ಹೋಗಿರಿ. ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಬೆಳಕು ಬಿಟ್ಟರೆ ಬಿಲ್ಲೆ ಉರಿಯುವಂತೆ ಹೊಳೆಯುತ್ತದೆ. ಟಾರ್ಚನ್ನು ಗೆಳೆಯನ ಕೈಗೆ ಕೊಟ್ಟು, ಅವನು ಬೆಳಕು ಬಿಡುತ್ತಿರುವಂತೆಯೇ ನೀವು ಅವನಿಂದ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಎರಡು ಮೂರು ಹೆಜ್ಜೆಗಳಲ್ಲಿಯೇ ಹೊಳಪು ಇಳಿದುಹೋಗುವುದು ಕಾಣುತ್ತದೆ. ಅನಂತರ ಟಾರ್ಚನ್ನು ಮತ್ತೆ ಕಣ್ಣಿನ ಬಳಿ ಹಿಡಿದು ಬೈಸಿಕಲ್ಲಿನ ಸುತ್ತ ಒಂದು ಪೂರ್ಣ ಪ್ರದಕ್ಷಿಣೆ ಬನ್ನಿ, ಏನೂ ಕಾಣದಿರುವ ದಿಕ್ಕುಗಳನ್ನು ಗುರುತುಹಾಕಿಕೊಳ್ಳಿ. ಆ ಹುಡುಗನ ಬೈಸಿಕಲ್ಲಿಗೆ ನಾವು ಮರುದಿನ ಸಂಜೆ ಹೀಗೆಯೇ ಸುತ್ತು ಹಾಕಿದೆವು. ಮುಂದಿನ ಗಾಲಿಯ ಬಿಲ್ಲೆಯ ಮೇಲೆ ಬೆರಳುದಪ್ಪ ಕೆಸರು ಮೆತ್ತಿತ್ತು. ಹಿಂದಿನ ಬಿಲ್ಲೆ ಕಡ್ಡಿಗಳ ನಡುವೆ ತಿರುಚಿಕೊಂಡು ಹಬ್ಬಿನ ಕಡೆಗೆ ಮುಖಮಾಡಿ ಕುಳಿತಿತ್ತು.