ಕಲ್ಲಿನ ಸಾಕ್ಷ್ಯ, ಲಿಲಾವಿನ ಬೆಲೆ

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯ ಜಲಾಶಯದ ಸುತ್ತಲಿನ ಗುಡ್ಡಗಳಲ್ಲಿ ಕಣ್ಣಿಗೆ ಬೀಳುವುದು ಕೆಮ್ಮಣ್ಣು. ಅದು ಜಂಬಿಟ್ಟಿಗೆಯ ನೆಲ. ಅದರ ಅಡಿಯಲ್ಲಿರುವುದು ದಖನ್ನಿನ ಕಪ್ಪು ಬಸಾಲ್ಟು. ಅಲ್ಲಿಂದ ನೈಋತ್ಯ ದಿಕ್ಕಿಗೆ ಹೊರಟು ಸೇಡಂ, ಮಳಖೇಡ, ಚಿತ್ತಾಪುರ, ವಾಡಿಗಳನ್ನು ಹಾದು ಭೀಮಾನದಿಯ ದಡವನ್ನು ಸೇರುವಷ್ಟರಲ್ಲಿ ನೆಲದ ಜಾತಿಯೇ ಬೇರೆಯಾಗಿರುತ್ತದೆ. ಅಲ್ಲಿ ಕಾಲಡಿಯಲ್ಲಿರುವುದು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಮಲಗಿದ ಸುಣ್ಣಕಲ್ಲು. ಶಹಾಬಾದಿ ಪರಸಿ ಎಂಬ ಹೆಸರಿನಿಂದ ನಮ್ಮಲ್ಲಿ ಅನೇಕರ ಮನೆಯ ನೆಲಕ್ಕೆ ಹಾಸಿರುವುದು ಇದೇ.

ಒಂದೇ ದಿನದ ಪ್ರಯಾಣದಲ್ಲಿ ಕಾಣಸಿಗುವ ಈ ಎರಡು ಶಿಲೆಗಳಿಗೂ ಹಳೆಯ ಕಾಲದ ಅಲಂಕಾರಕಲೆಗೂ ಹತ್ತಿರದ ನಂಟಿದೆ. ಬಸಾಲ್ಟಿನ ಒಡಲಲ್ಲಿ ಮಣಿಸರಕ್ಕೆ ಬೇಕಾದ ಕಲ್ಲು ಹುಟ್ಟಿತು. ಸುಣ್ಣಕಲ್ಲಿನ ಮೇಲೆ ಶಿಲ್ಪಿ ದೇವರನ್ನೂ ಅರಸರನ್ನೂ ಕಡೆದನು. ಇಂಥ ಮಣಿಗಳೂ ಇಂಥ ಶಿಲ್ಪಗಳೂ ಇಂದು ದೂರದೇಶಗಳ ಹರಾಜು ಮಂದಿರಗಳಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಲಿಲಾವಿನಲ್ಲಿ, ದೊಡ್ಡ ಮೊತ್ತಕ್ಕೆ ಮಾರಾಟವಾಗುತ್ತವೆ. ಅಲ್ಲಿ ಕೊಳ್ಳುವವನು ಏನನ್ನು ಕೊಳ್ಳುತ್ತಾನೆ? ಕಲ್ಲನ್ನೋ, ಕೈಕೆಲಸವನ್ನೋ, ಕಥೆಯನ್ನೋ? ವಿಜ್ಞಾನವು ಈ ಮೂರರಲ್ಲಿ ಯಾವುದಕ್ಕೆ ಸಾಕ್ಷಿ ಹೇಳಬಲ್ಲದು? ಇದನ್ನು ನಾವು ಸ್ವಲ್ಪ ವಿಚಾರಿಸೋಣ.

ಒಂದು ಹೊಸ ಪ್ರಸಂಗದಿಂದ ಪ್ರಾರಂಭಿಸುವುದು ಅನುಕೂಲ. 1898ರಲ್ಲಿ ಉತ್ತರಪ್ರದೇಶದ ಪಿಪ್ರಾಹ್ವಾ ಎಂಬ ಊರಿನ ಸ್ತೂಪವನ್ನು ಅಲ್ಲಿನ ಜಮೀನಿನ ಒಡೆಯನಾಗಿದ್ದ ವಿಲಿಯಂ ಕ್ಲಾಕ್ಸ್‌ಟನ್ ಪೆಪ್ಪೆ ಎಂಬಾತನು ಅಗೆಯಿಸಿದಾಗ, ಒಂದು ಕಲ್ಲಿನ ಪೆಟ್ಟಿಗೆಯಲ್ಲಿ ಬುದ್ಧನವೆಂದು ಹೇಳಲಾದ ಅಸ್ಥಿಗಳೂ ಅವುಗಳೊಡನೆ ಇರಿಸಿದ್ದ ಸುಮಾರು 1,800 ಸಣ್ಣ ರತ್ನಗಳೂ ದೊರೆತವು. ಹೆಚ್ಚಿನವು ಕಲ್ಕತ್ತೆಯ ವಸ್ತುಸಂಗ್ರಹಾಲಯಕ್ಕೆ ಹೋದವು. ಒಂದು ಪಾಲು ಪೆಪ್ಪೆಯ ಕುಟುಂಬದಲ್ಲಿ ಉಳಿಯಿತು. 2025ರ ಮೇ 7ರಂದು ಆ ಪಾಲನ್ನು ಹಾಂಗ್‌ಕಾಂಗಿನಲ್ಲಿ ಸೋಥೆಬೀಸ್ ಸಂಸ್ಥೆಯು ಹರಾಜಿಗಿಡುವುದೆಂದು ಗೊತ್ತಾಗಿತ್ತು. ಸುಮಾರು 10 ಕೋಟಿ ಹಾಂಗ್‌ಕಾಂಗ್ ಡಾಲರು ಬರಬಹುದೆಂದು ಪತ್ರಿಕೆಗಳು ಬರೆದವು. ಭಾರತ ಸರ್ಕಾರವು ತಕರಾರು ತೆಗೆದುದರಿಂದ ಹರಾಜು ನಿಂತಿತು. ಜುಲೈ ತಿಂಗಳಲ್ಲಿ ಆ 349 ರತ್ನಗಳು ಗೋದ್ರೇಜ್ ಉದ್ಯಮಸಮೂಹದ ನೆರವಿನಿಂದ ಸ್ವದೇಶಕ್ಕೆ ಮರಳಿದವು.

ಆ ರತ್ನಗಳಾದರೂ ಎಂಥವು? ಸ್ಫಟಿಕ, ನೀಲಲೋಹಿತ ವರ್ಣದ ಅಮೆಥಿಸ್ಟು, ಗಾರ್ನೆಟ್ಟು, ಹವಳ, ಮುತ್ತು, ಚಿಪ್ಪು, ತುಸು ಚಿನ್ನ. ಇವುಗಳಲ್ಲಿ ಕೋಹಿನೂರಿನಂಥದು ಯಾವುದೂ ಇಲ್ಲ. ಬರಿಯ ಪದಾರ್ಥವಾಗಿ ತೂಗಿದರೆ ಸಾಧಾರಣ ಆಭರಣದಂಗಡಿಯ ಬೆಲೆಯೇ ಅವಕ್ಕೆ ಬಂದೀತು. ಉಳಿದ ಬೆಲೆಯೆಲ್ಲ ಬಂದದ್ದು ಅವು ಯಾವ ಸ್ತೂಪದ, ಯಾವ ಪೆಟ್ಟಿಗೆಯ, ಯಾವ ಆಳದಲ್ಲಿ ದೊರೆತವೆಂಬುದು ಬರವಣಿಗೆಯಲ್ಲಿ ಉಳಿದಿದ್ದುದರಿಂದ.

ಮೊದಲು ಮಣಿಯ ಮಾತನ್ನು ಎತ್ತಿಕೊಳ್ಳೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾರಸವು ಹರಿದು ಹೆಪ್ಪುಗಟ್ಟಿದಾಗ ಅದರೊಳಗಿನ ಅನಿಲಗಳು ಗುಳ್ಳೆಗಳನ್ನು ಬಿಟ್ಟುಹೋದವು. ಸಿಲಿಕಾವನ್ನು ಕರಗಿಸಿಕೊಂಡ ನೀರು ಆ ಪೊಳ್ಳುಗಳಿಗೆ ಇಳಿದು ಕೂದಲೆಳೆಗಿಂತ ತೆಳ್ಳಗಿನ ಪದರಗಳನ್ನು ಒಂದರ ಮೇಲೊಂದು ಕಟ್ಟಿತು. ಹೀಗೆ ಆದುದೇ ಅಗೇಟು. ಬಸಾಲ್ಟು ಸವೆದು ಮಣ್ಣಾದರೂ ಗಡುಸಾದ ಈ ಗಂಟುಗಳು ಸವೆಯದೆ ಹಳ್ಳಕೊಳ್ಳಗಳಿಗೆ ಬಂದು ಬೀಳುತ್ತವೆ. ಅವುಗಳಲ್ಲಿ ಹಳದಿ, ಕಂದು ಬಣ್ಣದವನ್ನು ಆರಿಸಿ, ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿಟ್ಟು ಬೆರಣಿಯ ಬೆಂಕಿಯಲ್ಲಿ ನಿಧಾನವಾಗಿ ಕಾಯಿಸಿದರೆ ಅವು ಕೆಂಪಡರಿ ಕಾರ್ನೇಲಿಯನ್ ಎನಿಸುತ್ತವೆ. ಗುಜರಾತಿನ ಖಂಭಾತದ ಮಣಿಗಾರರು ಈ ವಿದ್ಯೆಗೆ ಪ್ರಸಿದ್ಧರು. ನೀರಿನಂಶ ಕೂಡಿದ ಕಬ್ಬಿಣದ ಆಕ್ಸೈಡು ಕಾವಿನಿಂದ ನೀರನ್ನು ಕಳೆದುಕೊಂಡು ಕೆಂಪಾಗುತ್ತದೆ, ಇಷ್ಟೇ ಗುಟ್ಟು. ನಮ್ಮ ಕುಂಬಾರನ ಆವಿಗೆಯಲ್ಲಿ ಹೆಂಚು ಕೆಂಪಾಗುವುದೂ ಹೀಗೆಯೇ.

ಕಷ್ಟವಿರುವುದು ರಂಧ್ರ ಕೊರೆಯುವುದರಲ್ಲಿ. ಮೋಸ್‌ನ ಗಡಸುತನದ ಮಾಪಕದಲ್ಲಿ ಈ ಕಲ್ಲಿನ ಅಂಕ ಸುಮಾರು 7. ಚಾಕುವಿನ ಉಕ್ಕು ಇದರ ಮೇಲೆ ಗೀರು ಎಳೆಯಲಾರದು. ಆದುದರಿಂದ ಖಂಭಾತದವರು ತುದಿಯಲ್ಲಿ ಎರಡು ಪುಟ್ಟ ವಜ್ರದ ಚೂರುಗಳನ್ನು ಕೂರಿಸಿದ ಸಲಾಕೆಯನ್ನು ಬಿಲ್ಲಿನ ಹಗ್ಗದಿಂದ ತಿರುಗಿಸುತ್ತ, ನೀರು ಹನಿಸುತ್ತ, ಎರಡು ಕಡೆಯಿಂದಲೂ ಕೊರೆಯುತ್ತಾರೆ. ಎರಡು ರಂಧ್ರಗಳು ನಡುವೆ ಸಂಧಿಸುವಾಗ ಕೂದಲಿನಷ್ಟು ಓರೆಯಾಗುವುದುಂಟು. ಹರಪ್ಪದ ಕಾಲದವರು ಬೇರೆ ಬಗೆಯ ಗಡುಸುಕಲ್ಲಿನ ಸಲಾಕೆಯಿಂದ ಕೊರೆಯುತ್ತಿದ್ದರು. ಆಯಾ ಸಲಾಕೆಯು ರಂಧ್ರದ ಒಳಗೋಡೆಯ ಮೇಲೆ ಬೇರೆ ಬೇರೆ ಗುರುತನ್ನು ಬಿಡುತ್ತದೆ. ಆದುದರಿಂದ ವಿದ್ವಾಂಸರು ರಂಧ್ರದೊಳಕ್ಕೆ ಸಿಲಿಕೋನ್ ತುಂಬಿ, ಅದು ಗಟ್ಟಿಯಾದ ಮೇಲೆ ಹೊರಕ್ಕೆಳೆದು, ಆ ಅಚ್ಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕೊರೆದವನ ಕೈಚಳಕವನ್ನು ಹೀಗೆ ಶತಮಾನಗಳ ಬಳಿಕವೂ ಓದಬಹುದು!

ಹಿಂದೊಮ್ಮೆ ಹಳೆಯ ಒಡವೆಗಳ ಅಂಗಡಿಯೊಂದರಲ್ಲಿ ನಮಗೆ ಒಂದು ಕೆಂಪು ಮಣಿಸರವನ್ನು ತೋರಿಸಿ, ಇದು ಸಾವಿರ ವರ್ಷದ್ದೆಂದು ಹೇಳಿದರು. ಕೈಯಲ್ಲಿದ್ದುದು ಹತ್ತುಪಾಲು ದೊಡ್ಡದಾಗಿ ತೋರಿಸುವ ಒಂದು ಭೂತಕನ್ನಡಿ ಮಾತ್ರ. ಮಣಿಗಳ ಒಡಲಲ್ಲಿ ಗಾಳಿಗುಳ್ಳೆಗಳಿರಲಿಲ್ಲ, ಗಾಜಲ್ಲವೆಂದು ಸಮಾಧಾನವಾಯಿತು. ಆದರೆ ಎಲ್ಲ ಮಣಿಗಳ ರಂಧ್ರವೂ ಬಾಣದಂತೆ ನೆಟ್ಟಗಿತ್ತು, ಬಾಯಿಯ ಅಂಚು ಹರಿತವಾಗಿತ್ತು. ಬಹುಕಾಲ ದಾರದಲ್ಲಿ ತೂಗಿದ ಮಣಿಯ ಅಂಚು ನುಣುಪಾಗಿ ಸವೆದಿರಬೇಕಷ್ಟೆ. ಕಲ್ಲೇನೋ ನಿಜವಾದದ್ದು, ಕೋಟ್ಯಂತರ ವರ್ಷದ್ದು. ಅಂಗಡಿಯವರ ಸಾವಿರ ವರ್ಷವೇ ಸುಳ್ಳು. ನಾವು ಸುಮ್ಮನೆ ಎದ್ದು ಬಂದೆವು.

ಚಿನ್ನದ ವಿಚಾರವನ್ನು ಬೇಗ ಮುಗಿಸಬಹುದು. ಎಕ್ಸ್-ಕಿರಣದ ಪ್ರತಿದೀಪ್ತಿಯಿಂದ ಒಡವೆಯನ್ನು ಕೆಡಿಸದೆ ಅದರಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಕ್ಷಣದಲ್ಲಿ ತಿಳಿಯಬಹುದು. ಬೋರಮಾಳದಂಥ ಸರದಲ್ಲಿ ಪೊಳ್ಳಾದ ಚಿನ್ನದ ಗುಂಡುಗಳಿಗೆ ಅರಗು ತುಂಬಿರುವುದರಿಂದ ತಕ್ಕಡಿಯೊಂದನ್ನೇ ನಂಬಿದವನು ಮೋಸಹೋಗುತ್ತಾನೆ ಎಂಬುದು ಪತ್ತಾರರಿಗೆಲ್ಲ ಗೊತ್ತಿದ್ದ ಸಂಗತಿ. ನಮ್ಮ ಅಜ್ಜಿಯರ ಒಡವೆಗಳಲ್ಲಿ ಎಷ್ಟೋ ಭಾಗ ಮೂಸೆಯಲ್ಲಿ ಕರಗಿ ಹೊಸ ರೂಪ ತಾಳಿದೆ. ಹಳೆಯದೆಂಬ ಕಾರಣಕ್ಕೆ ಸರಾಫರು ಹೆಚ್ಚು ಬೆಲೆ ಕೊಡುವುದಿಲ್ಲ. ರಾಜಮನೆತನದ್ದಾದರೆ ಮಾತ್ರ ಲೆಕ್ಕ ಬೇರೆ. 1948ರವರೆಗೆ ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರ ಆಭರಣಗಳಲ್ಲಿ 173ನ್ನು ಭಾರತ ಸರ್ಕಾರವು 1995ರಲ್ಲಿ 218 ಕೋಟಿ ರೂಪಾಯಿಗೆ ಕೊಂಡಿತು. ಹಾಗೆ ಕೊಳ್ಳದೆ ಇದ್ದಿದ್ದರೆ ಅವು ಬಿಡಿಬಿಡಿಯಾಗಿ ಚದುರಿಹೋಗುವ ಸಂಭವವಿತ್ತು.

ಇನ್ನು ಕೆತ್ತಿದ ಕಲ್ಲು. ಭೀಮಾ ತೀರದ ಸುಣ್ಣಕಲ್ಲು 50 ಕೋಟಿ ವರ್ಷಗಳಿಗೂ ಹಿಂದೆ ಒಂದು ಸಮುದ್ರದ ತಳದಲ್ಲಿ ನುಣ್ಣನೆಯ ಕೆಸರಾಗಿ ಕುಳಿತದ್ದು. ಬಳಿಕ ಭೂಮಿಯ ಒತ್ತಡವು ಇದನ್ನು ಹೆಚ್ಚಾಗಿ ಮಡಿಸಲಿಲ್ಲ. ಆದುದರಿಂದಲೇ ಪದರಗಳು ಇಂದಿಗೂ ಬಹುಮಟ್ಟಿಗೆ ಮಟ್ಟಸವಾಗಿವೆ, ಗಣಿಯಲ್ಲಿ ಚಪ್ಪಡಿಗಳು ಸುಲಭವಾಗಿ ಏಳುತ್ತವೆ. ಕಣಗಳು ಅತಿ ಸಣ್ಣವು, ಗಡಸುತನ 3ರ ಸುಮಾರು. ಉಳಿಗೆ ಬಾಗುವಷ್ಟು ಮೃದು, ಬೆರಳಿನ ಉಂಗುರವನ್ನೂ ಸೆರಗಿನ ನಿರಿಗೆಯನ್ನೂ ಹಿಡಿದಿಡುವಷ್ಟು ಬಿಗಿ. ಸಿಮೆಂಟಿನ ಕಾರ್ಖಾನೆಗೂ ಶಿಲ್ಪಿಗೂ ಒಂದೇ ಕಲ್ಲು ಬೇಕಾದುದು ಈ ಸೀಮೆಯ ಅದೃಷ್ಟವೋ ದುರದೃಷ್ಟವೋ ಹೇಳಲಾರೆವು.

ಸುಣ್ಣಕಲ್ಲೆಂದು ತಿಳಿಯಲು ಒಂದು ತೊಟ್ಟು ಆಮ್ಲ ಸಾಕು, ನೊರೆ ಏಳುತ್ತದೆ. (ಓದುಗರು ಇದನ್ನು ಮನೆಯ ಪರಸಿಯ ಚೂರಿನ ಮೇಲೆ ಪರೀಕ್ಷಿಸಲಿ, ದಯವಿಟ್ಟು ಯಾವ ಶಿಲ್ಪದ ಮೇಲೂ ಬೇಡ.) ಅದು ಯಾವ ಗಣಿಯದೆಂದು ತಿಳಿಯಬೇಕಾದರೆ ಶ್ರಮ ಹೆಚ್ಚು. ಒಂದು ಚೂರನ್ನು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿ ಉಜ್ಜಿದರೆ ಬೆಳಕು ಅದರೊಳಗೆ ಹಾಯುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ಕಣಗಳ ಜೋಡಣೆ ಕಾಣುತ್ತದೆ. ಕಾರ್ಬನ್ ಮತ್ತು ಆಕ್ಸಿಜನ್‌ಗಳ ಐಸೊಟೋಪುಗಳ ಪ್ರಮಾಣವನ್ನು ಅಳೆದು ಗೊತ್ತಿರುವ ಗಣಿಗಳ ಪ್ರಮಾಣದೊಡನೆ ಹೋಲಿಸಿದರೆ ಹುಟ್ಟಿದ ಸೀಮೆಯನ್ನು ಊಹಿಸಬಹುದು. ಆದರೆ ಉಳಿ ಬಿದ್ದದ್ದು ಎಂದು? ಇಲ್ಲಿ ಕಲ್ಲು ಬಾಯಿ ಬಿಡುವುದಿಲ್ಲ. ಇದ್ದಿಲಿನ ಕಾಲವನ್ನು ಹೇಳುವ ರೇಡಿಯೋ ಕಾರ್ಬನ್ ವಿಧಾನವು ಕಲ್ಲಿನ ಕೆತ್ತನೆಗೆ ಉಪಯೋಗಿಸದು. ಮೇಲ್ಮೈಯ ಮಾಸಲು ನೋಡಿ ಕೆಲವನ್ನು ತಿಳಿಯಬಹುದಾದರೂ, ಆಮ್ಲದಲ್ಲಿ ತೊಳೆದು, ಚಹಾದ ಕಷಾಯ ಬಳಿದು, ತಿಪ್ಪೆಯಲ್ಲಿ ಹೂತಿಟ್ಟು ಮುಪ್ಪನ್ನು ತರಿಸುವ ಕುಶಲರೂ ಲೋಕದಲ್ಲಿದ್ದಾರೆ.

ಹಾಗಾದರೆ ಕಾಲವನ್ನೂ ಹೆಸರನ್ನೂ ಯಾರು ಹೇಳಬೇಕು? ಇದಕ್ಕೆ ಉತ್ತರವು ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಮಣ್ಣಿನಡಿಯಲ್ಲಿತ್ತು. ಸನ್ನತಿಯು ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ಆ ದೇವಾಲಯದ ಆವರಣದ ಕಾಳಿಗುಡಿಯ ಚಾವಣಿ ಕುಸಿದು ವಿಗ್ರಹವು ಭಗ್ನವಾಯಿತು. ಅದರ ಪೀಠವಾಗಿದ್ದ ಚಪ್ಪಡಿಯನ್ನು ಎತ್ತಿ ನೋಡಿದರೆ ಎರಡು ಮಗ್ಗುಲಲ್ಲೂ ಅಶೋಕನ ಶಾಸನ! ವಿಗ್ರಹವನ್ನು ನಿಲ್ಲಿಸಲು ಯಾರೋ ಹಿಂದೆ ಚಪ್ಪಡಿಯ ನಡುವೆ ಕುಳಿ ತೆಗೆದಿದ್ದುದರಿಂದ ಕೆಲವು ಅಕ್ಷರಗಳು ಹೋಗಿದ್ದವು. ಪೂಜೆಯ ಕಲ್ಲಾದುದರಿಂದ ಉಳಿದವು ಉಳಿದವು.

ಅಲ್ಲಿಗೆ ಹತ್ತಿರದ ಕನಗನಹಳ್ಳಿಯ ದಿಬ್ಬವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು 1994ರಿಂದ ಕೆಲವು ವರ್ಷ ಅಗೆಯಿತು. ಹೊರಬಂದದ್ದು ಒಂದು ಮಹಾಸ್ತೂಪ; ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಅದರ ಅಂಡಕ್ಕೆ ಹೊದಿಸಿದ್ದ ಚಪ್ಪಡಿಗಳೆಲ್ಲ ಕೆತ್ತನೆಯ ಸುಣ್ಣಕಲ್ಲು. ಚಿಮುಕ, ಸಾತಕರ್ಣಿ, ಪುಳುಮಾವಿ ಎಂಬ ಸಾತವಾಹನ ದೊರೆಗಳು ಹೆಸರುಸಹಿತವಾಗಿ ಅಲ್ಲಿದ್ದಾರೆ. ಒಂದು ಫಲಕದಲ್ಲಿ ರಾಜನೊಬ್ಬ ರಾಣಿಯೊಡನೆ ನಿಂತಿದ್ದಾನೆ. ಸುತ್ತ ಛತ್ರ ಚಾಮರ ಹಿಡಿದ ಪರಿಚಾರಿಕೆಯರು. ಫಲಕದ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಎರಡೇ ಶಬ್ದ: ‘ರಾಯೋ ಅಸೋಕೋ.’ ಆ ಅರಸನು ಗತಿಸಿ ಎರಡು ಮೂರು ಶತಮಾನಗಳಾದ ಮೇಲೆ ಕನ್ನಡನಾಡಿನ ಶಿಲ್ಪಿಯೊಬ್ಬನು ಅವನನ್ನು ಹೀಗೆ ಕಲ್ಪಿಸಿಕೊಂಡನು. ಆ ಕಾಲದ ಒಡವೆಗಳು ಸಿಗುವುದು ಅಪರೂಪ. ಆದರೆ ಅಂಥ ಫಲಕಗಳಲ್ಲಿ ಭಾರವಾದ ಕುಂಡಲ, ಕೈತುಂಬ ಬಳೆ, ಸೊಂಟದ ಡಾಬು ಎಲ್ಲವೂ ಕಲ್ಲಿನಲ್ಲಿ ಉಳಿದುಬಂದಿವೆ.

ಇದೇ ಫಲಕವು ರಾತ್ರೋರಾತ್ರಿ ಲಾರಿಯೇರಿ, ಹಡಗು ಹತ್ತಿ, ಯಾವುದೋ ಹರಾಜು ಮಂದಿರದಲ್ಲಿ ಕಾಣಿಸಿಕೊಂಡಿತ್ತೆಂದು ಭಾವಿಸೋಣ. ಪಟ್ಟಿಯಲ್ಲಿ ‘ರಾಜದಂಪತಿ, ಸುಣ್ಣಕಲ್ಲು, ದಖನ್’ ಎಂದು ಅಚ್ಚಾಗುತ್ತಿತ್ತು. ಹೆಸರು ಕೊರೆದಿದೆಯಲ್ಲ ಎಂದು ಓದುಗರು ಕೇಳಬಹುದು. ಅಲ್ಲಿಯೇ ತೊಡಕು. ಮಾರಾಟದ ಕಲ್ಲಿನ ಮೇಲೆ ಅಶೋಕನ ಹೆಸರಿದ್ದರೆ ಮೊದಲು ಹುಟ್ಟುವುದು ಸಂತೋಷವಲ್ಲ, ಸಂಶಯ. ಎರಡು ಶಬ್ದ ಹೊಸದಾಗಿ ಕೊರೆದರೆ ಬೆಲೆ ನೂರ್ಮಡಿಯಾಗುವುದಲ್ಲವೇ? ಕನಗನಹಳ್ಳಿಯಲ್ಲಿ ಆ ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿದುದು ಅದರ ಮೇಲೆ ಕದಡದೆ ಬಿದ್ದಿದ್ದ ಮಣ್ಣು, ಪಕ್ಕದಲ್ಲಿದ್ದ ಅದೇ ಕೈಯ ಫಲಕಗಳು, ಅಲ್ಲಿಯೇ ದೊರೆತ ಸಾತವಾಹನರ ನಾಣ್ಯಗಳು.

ಕದ್ದುಹೋದ ಕಲ್ಲಿಗೆ ಮತ್ತೆ ಊರನ್ನು ಹುಡುಕಿಕೊಡುವುದೂ ಸಾಧ್ಯ, ಆದರೆ ಅದಕ್ಕೆ ಸಾಕ್ಷ್ಯ ಬೇಕು. ಆಂಧ್ರದ ಚಂದವರದ ಸ್ತೂಪದ್ದಾದ, ಬುದ್ಧನ ಆರಾಧಕರನ್ನು ತೋರಿಸುವ ಸುಣ್ಣಕಲ್ಲಿನ ಫಲಕವೊಂದನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆಯು 2005ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯಿಂದ ಕೊಂಡಿತ್ತು. ಕಳುವಿಗೆ ಮೊದಲು ಅದೇ ಫಲಕವನ್ನು ಇಲ್ಲಿಯೇ ತೆಗೆದಿದ್ದ ಛಾಯಾಚಿತ್ರ ದೊರೆತುದರಿಂದ ವಾದವೇ ಉಳಿಯಲಿಲ್ಲ. 2016ರಲ್ಲಿ ಅದನ್ನು ಭಾರತಕ್ಕೆ ಒಪ್ಪಿಸಿದರು. ತಮಿಳುನಾಡಿನ ಪತ್ತೂರಿನ ಕಂಚಿನ ನಟರಾಜನ ಮೊಕದ್ದಮೆಯಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ವಿಗ್ರಹಕ್ಕೆ ಅಂಟಿದ ಮಣ್ಣನ್ನೂ ಗೆದ್ದಲು ಕಟ್ಟಿದ ಗುರುತುಗಳನ್ನೂ ವಿಚಾರಿಸಲಾಯಿತು. ದೇವರನ್ನು ಊರಿಗೆ ಕರೆತರುವುದರಲ್ಲಿ ಗೆದ್ದಲಿಗೂ ಒಂದು ಪಾಲುಂಟೆಂದಾಯಿತು. ಆ ನಟರಾಜ 1991ರಲ್ಲಿ ಮರಳಿದನು.

1972ರ ಪ್ರಾಚೀನ ವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪವನ್ನಾಗಲಿ ಆಭರಣವನ್ನಾಗಲಿ ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಪ್ರಾಚೀನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಇನ್ನೂ ಹಳೆಯದಾದ 1878ರ ನಿಧಿ ಕಾಯಿದೆಯು, ನೆಲದಲ್ಲಿ ಹೂತಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುತ್ತದೆ. ಹತ್ತು ರೂಪಾಯಿಗೆ ಈಗ ಏನು ಬರುತ್ತದೆಂದು ನಗಬಹುದು. ನಿಯಮ ಮಾತ್ರ ಇನ್ನೂ ಜಾರಿಯಲ್ಲಿದೆ.

ಭೀಮಾ, ಕಾಗಿಣಾ ನದಿಗಳ ಬಯಲಿನಲ್ಲಿ ನೇಗಿಲಿನ ಮೊನೆಗೋ ಮನೆಯ ಪಾಯಕ್ಕೋ ಮಣಿ, ನಾಣ್ಯ, ಕೆತ್ತನೆಯ ತುಂಡು ಎದುರಾದರೆ ಅಚ್ಚರಿಯಿಲ್ಲ. ಅಂಥ ಸಂದರ್ಭದಲ್ಲಿ ಅದನ್ನು ತೊಳೆಯದೆ, ಉಜ್ಜದೆ, ಎಣ್ಣೆ ಸವರದೆ ಇದ್ದಲ್ಲಿಯೇ ಬಿಟ್ಟು, ಒಂದು ಅಳತೆಕೋಲನ್ನು ಪಕ್ಕದಲ್ಲಿಟ್ಟು ನಾಲ್ಕು ಕಡೆಯಿಂದ ಛಾಯಾಚಿತ್ರ ತೆಗೆಯಬೇಕು. ಇಂದು ಹೊಲದಲ್ಲಿ ದುಡಿಯುವವರ ಕಿಸೆಯಲ್ಲಿಯೂ ಕ್ಯಾಮೆರಾ ಇರುತ್ತದಷ್ಟೆ. ಯಾವ ಹೊಲ, ಎಷ್ಟು ಮೊಳ ಆಳ, ಮಣ್ಣಿನ ಬಣ್ಣ ಯಾವುದು, ಜೊತೆಯಲ್ಲಿ ಮಡಕೆಯ ಚೂರು ಅಥವಾ ಇದ್ದಿಲು ಇತ್ತೇ ಎಂಬುದನ್ನು ಅದೇ ದಿನ ಬರೆದಿಟ್ಟು ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕು. ಇದ್ದಿಲಿನ ಚೂರನ್ನು ಕೈಯಿಂದ ಮುಟ್ಟದೆ ಬಿಟ್ಟರೆ ಒಳ್ಳೆಯದು. ಮಣಿ ಹೇಳಲಾರದ ಕಾಲವನ್ನು ಅದು ಹೇಳಬಹುದು.