ಉರಿಯುವ ನೆಲದ ಅಣ್ಣ-ತಂಗಿ

ಕಾಶಿಯ ಜಂಗಮವಾಡಿ ಮಠದ ದರ್ಶನಕ್ಕೆಂದು 2018ರಲ್ಲಿ ಹೋಗಿದ್ದ ನಾವು, ಆತ್ಮೀಯರೊಬ್ಬರ ಒತ್ತಾಯಕ್ಕೆ ಮಣಿದು ಜಾರ್ಖಂಡದ ಧನಬಾದಿಗೂ ಹೋಗಿದ್ದೆವು. ಅದರ ಸಮೀಪದಲ್ಲಿಯೇ ಝರಿಯಾ. ಉಕ್ಕಿನ ಕುಲುಮೆಗಳಿಗೆ ಬೇಕಾದ ಉತ್ತಮ ಕಲ್ಲಿದ್ದಲು ದೊರೆಯುವ ಆ ನೆಲದೊಡಲಲ್ಲಿ ಬೆಂಕಿಯಿರುವುದು 1916ರಲ್ಲಿಯೇ ಕಂಡುಬಂದಿತು; ಇಂದಿಗೂ ಪೂರ್ಣವಾಗಿ ಆರಿಲ್ಲ. ಅಗೆದುಬಿಟ್ಟ ಗಣಿಗಳೊಳಗೆ ಗಾಳಿ ನುಗ್ಗಿದಾಗ ಉಳಿದ ಕಲ್ಲಿದ್ದಲು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿರುಕುಗಳಿಂದ ಹೊಗೆಯೇಳುತ್ತದೆ, ಗೋಡೆಗಳು ಸೀಳುತ್ತವೆ, ಒಮ್ಮೊಮ್ಮೆ ನೆಲವೇ ಕುಸಿಯುತ್ತದೆ.

ಅಲ್ಲಿ ಅಣ್ಣ-ತಂಗಿಯರಿಬ್ಬರು ತಲೆಯ ಮೇಲೆ ಬುಟ್ಟಿ ಹೊತ್ತು ಬರುವುದನ್ನು ಕಂಡೆವು. ನಸುಕಿನಲ್ಲಿ ಗಣಿಯಂಚಿಗೆ ಹೋಗಿ ಕಲ್ಲಿದ್ದಲು ಆಯುವುದು, ಅದನ್ನು ಸುಟ್ಟು ಹೊಗೆ ಕಳೆದು ಮೂಟೆ ಕಟ್ಟಿ ಮಾರುವುದು ಅವರ ಮನೆಯ ಜೀವನ. ಹದಿನೆಂಟು ತುಂಬದವರನ್ನು ಗಣಿಯಲ್ಲಿ ದುಡಿಸಬಾರದೆಂದು ಶಾಸನವುಂಟು. ಅಂಚಿನಲ್ಲಿ ಆಯುವ ಎಳೆಯ ಕೈಗಳಿಗೆ ಅದರ ರಕ್ಷೆ ದೊರೆತಿರಲಿಲ್ಲ.

“ಎಲ್ಲಿಗೆ ಹೋಗುವ ಆಸೆ, ಮಗು?” ಎಂದು ಹಿಂದಿಯಲ್ಲಿ ಕೇಳಿದೆವು.

“ಎಲ್ಲಿಗಾದರೂ ಸರಿ ಬಾಬಾ, ನೆಲ ತಣ್ಣಗಿದ್ದರಾಯಿತು” ಎಂದಳು ತಂಗಿ.

“ಮೊದಲು ಇವಳು ಹೋಗಲಿ. ಇಬ್ಬರೂ ಹೋದರೆ ತಾಯಿಗೆ ಯಾರು?” ಎಂದನು ಅಣ್ಣ.

ಇಂಥ ಕುಟುಂಬಗಳ ಸ್ಥಳಾಂತರಕ್ಕಾಗಿ ಕೇಂದ್ರ ಸರಕಾರವು 2009ರಲ್ಲಿ ಯೋಜನೆಯೊಂದನ್ನು ಅಂಗೀಕರಿಸಿತು. 2025ರಲ್ಲಿ ಸುಮಾರು 5,940 ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಸಮ್ಮತಿಯಿತ್ತಿತು. ಹೊಸ ಮನೆ ದೊರೆತರೂ ದುಡಿಮೆ ದೂರವಾಯಿತೆಂಬುದು ಈಗಾಗಲೇ ನೆಲೆ ಬದಲಿಸಿದ ಅನೇಕರ ಅಳಲಾಗಿದೆ.

ಶರಣ ಆಯ್ದಕ್ಕಿ ಮಾರಯ್ಯನವರೂ ಆಯ್ದೇ ಬದುಕಿದವರಲ್ಲವೆ ಎಂದು ವಾಚಕರು ಕೇಳಬಹುದು. ನಿಜ, ಆದರೆ ಅದು ಅವರು ಮನಸಾರೆ ಕೈಕೊಂಡ ಕಾಯಕ. ಈ ಮಕ್ಕಳದು ಬೇರೆ ದಾರಿಯಿಲ್ಲದ ದುಡಿತ. ಹುಟ್ಟಿದ ಕುಲವು ಮನುಷ್ಯನ ಬಾಳನ್ನು ಕಟ್ಟಿಹಾಕಬಾರದೆಂದ ಶರಣರು, ಹುಟ್ಟಿದ ಊರು ಮಕ್ಕಳನ್ನು ಹೀಗೆ ಕಟ್ಟಿಹಾಕುವುದನ್ನು ಒಪ್ಪುತ್ತಿದ್ದರೆ? ಅಲ್ಲಿಂದ ಹೊರಡಬೇಕೆಂಬ ಅವರ ಹಂಬಲವನ್ನು ಕಾಯಕವಿಮುಖತೆಯೆಂದು ನಾವು ಕರೆಯಲಾರೆವು.

ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಮರಳಿ ಕಳುಹಿದರಂತೆ. ನಮ್ಮ ಮನೆಗಳ ದೀಪಕ್ಕೂ ಉಕ್ಕಿನ ಪಾತ್ರೆಗಳಿಗೂ ಕಲ್ಲಿದ್ದಲು ಬೆಂದಿರುತ್ತದೆ. ಬೇಕಾದುದೆಷ್ಟೆಂಬ ಆ ತಾಯಿಯ ಪ್ರಶ್ನೆ ನಮಗೂ ಸಲ್ಲುತ್ತದೆ.

ಝರಿಯಾ ದೂರವಿರಬಹುದು. ನಮ್ಮ ಊರುಗಳ ಇಟ್ಟಿಗೆಭಟ್ಟಿಗಳಲ್ಲಿ, ಕಲ್ಲುಗಣಿಗಳಲ್ಲಿ ಇಂಥ ಒಡಹುಟ್ಟಿದವರು ಕಂಡರೆ, ಅವರನ್ನು ಶಾಲೆಗೂ ಮಠಗಳ ಪ್ರಸಾದ ನಿಲಯಗಳಿಗೂ ಸೇರಿಸುವ ಹೊಣೆ ನಮ್ಮದು. ನಾವೂ ಅಂಥದೊಂದು ನಿಲಯದಲ್ಲಿ ಉಂಡು ಓದಿದವರೇ. ಅಣ್ಣ ಹಿಂದುಳಿದು ತಂಗಿಯನ್ನಷ್ಟೇ ಕಳುಹಬೇಕಾದ ಸ್ಥಿತಿ ಯಾವ ಮನೆಗೂ ಬಾರದಿರಲಿ.