ಸೌರ ಇನ್ವರ್ಟರ್: ವಾರಂಟಿಯ ಖರ್ಚು ಯಾರ ಲೆಕ್ಕಕ್ಕೆ?

ಮನೆಯ ಚಾವಣಿಯ ಮೇಲೆ ಸೌರ ವಿದ್ಯುತ್ ಘಟಕ ಅಳವಡಿಸುವ ಕೆಲಸವು ಶಿವಮೊಗ್ಗ ಮತ್ತು ಭದ್ರಾವತಿಯ ವಿದ್ಯುತ್ ಉಪಕರಣ ವರ್ತಕರಿಗೂ ಗುತ್ತಿಗೆದಾರರಿಗೂ ಹೊಸ ವ್ಯವಹಾರವಾಗಿ ಒದಗಿಬಂದಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ ರೂ. 30,000 ಹಾಗೂ ಮೂರನೆಯದಕ್ಕೆ ರೂ. 18,000, ಒಟ್ಟು ಗರಿಷ್ಠ ರೂ. 78,000 ಸಹಾಯಧನವನ್ನು ನಿಗದಿಪಡಿಸಿತು. ಗ್ರಾಹಕರ ಗಮನವೆಲ್ಲ ಈ ಅಂಕಿಯ ಮೇಲೆ ನಿಂತಿತು. ಆದರೆ ವರ್ತಕರು ಗಮನಿಸಬೇಕಾದ ಷರತ್ತು ಇನ್ನೊಂದಿದೆ. ಘಟಕವನ್ನು ಅಳವಡಿಸಿದವರೇ ಐದು ವರ್ಷಗಳ ಕಾಲ ಅದರ ನಿರ್ವಹಣೆಯನ್ನೂ ನೋಡಿಕೊಳ್ಳಬೇಕು. ಈ ಐದು ವರ್ಷಗಳ ಖರ್ಚನ್ನು ದರಪಟ್ಟಿ ಕೊಡುವ ದಿನವೇ ಲೆಕ್ಕ ಹಾಕದಿದ್ದರೆ, ಇಂದಿನ ಲಾಭ ನಾಳಿನ ನಷ್ಟವಾಗುವುದು ಖಂಡಿತ.

ದುರ್ಬಲ ಕೊಂಡಿ ಯಾವುದು?

ಸೌರ ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ಇರುತ್ತದೆ. ಇನ್ವರ್ಟರ್‌ಗೆ ದೊರೆಯುವುದು ಬಹುತೇಕ ಐದರಿಂದ ಹತ್ತು ವರ್ಷ. ಅಮೆರಿಕದ ಸನ್‌ಎಡಿಸನ್ ಕಂಪನಿಯು ತಾನು ನೋಡಿಕೊಳ್ಳುತ್ತಿದ್ದ 350ಕ್ಕೂ ಹೆಚ್ಚು ಘಟಕಗಳ ದೂರುಗಳನ್ನು 2010ರಿಂದ 2012ರವರೆಗೆ ವಿಂಗಡಿಸಿದಾಗ, ಶೇ. 43ರಷ್ಟು ದೂರುಗಳಿಗೂ ಶೇ. 36ರಷ್ಟು ಉತ್ಪಾದನಾ ನಷ್ಟಕ್ಕೂ ಇನ್ವರ್ಟರೇ ಕಾರಣವೆಂದು ಕಂಡುಬಂದಿತು.

ಕಾರಣಗಳು ಸರಳ. ಇನ್ವರ್ಟರ್‌ನೊಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯುಸ್ಸು ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ. ಪಶ್ಚಿಮದ ಗೋಡೆಗೋ ತಗಡಿನ ಶೀಟಿನ ಅಡಿಗೋ ಕೂರಿಸಿದ ಇನ್ವರ್ಟರ್ ನೆರಳಿನಲ್ಲಿರುವುದಕ್ಕಿಂತ ಬೇಗ ಕೆಡುವುದು ಇದರಿಂದಲೇ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂತಹ ಕಡೆ ಫೌಂಡ್ರಿಯ ಕಬ್ಬಿಣದ ಧೂಳು ಫ್ಯಾನ್ ಹಾಗೂ ಶಾಖ ಹೊರಹಾಕುವ ರೆಕ್ಕೆಗಳ ಮೇಲೆ ಕೂತು ಅದೇ ಹಾನಿ ಮಾಡಬಲ್ಲದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಲ್ಲಿ, ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ಅರೆಸ್ಟರ್ ಇಲ್ಲದ ಘಟಕಗಳು ಅಪಾಯಕ್ಕೆ ಸಿಲುಕುತ್ತವೆ. ಸಿಡಿಲಿನಿಂದಾದ ಹಾನಿಯನ್ನು ವಾರಂಟಿಯಿಂದ ಹೊರಗಿಡುವುದು ಉತ್ಪಾದಕರ ಸಾಮಾನ್ಯ ಷರತ್ತೆಂಬುದನ್ನು ಮರೆಯಬಾರದು.

ದೂರುಗಳೆಲ್ಲ ಇನ್ವರ್ಟರ್‌ನ ದೋಷವಲ್ಲ

ಗ್ರಾಹಕರು ‘ಇನ್ವರ್ಟರ್ ಕೆಟ್ಟಿದೆ’ ಎಂದು ಕರೆ ಮಾಡಿದಾಗ ಯಂತ್ರ ಸುಸ್ಥಿತಿಯಲ್ಲೇ ಇರಬಹುದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳಂತೆ, ಲೈನಿನ ವೋಲ್ಟೇಜ್ ನಿಗದಿತ ಮಟ್ಟದ ಶೇ. 110ನ್ನು ಮೀರಿದರೆ ಅಥವಾ ಶೇ. 80ಕ್ಕಿಂತ ಕೆಳಗಿಳಿದರೆ ಎರಡು ಸೆಕೆಂಡಿನೊಳಗೆ ಘಟಕವು ಲೈನಿನಿಂದ ಕಳಚಿಕೊಳ್ಳಬೇಕು. 230 ವೋಲ್ಟ್ ಸಂಪರ್ಕದಲ್ಲಿ ಈ ಮಿತಿಗಳು 253 ಮತ್ತು 184 ವೋಲ್ಟ್. ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ಮನೆಗಳಲ್ಲಿ, ಬಳಕೆ ಕಡಿಮೆಯಿರುವ ಮಧ್ಯಾಹ್ನದ ಹೊತ್ತು, ಸೌರ ವಿದ್ಯುತ್ ಲೈನಿಗೆ ಹರಿದಾಗ ವೋಲ್ಟೇಜ್ ಏರಿ ಇನ್ವರ್ಟರ್ ಟ್ರಿಪ್ ಆಗುತ್ತದೆ. ಅದು ದೋಷವಲ್ಲ, ನಿಯಮಪಾಲನೆ. ಇದಕ್ಕೆ ಪರಿಹಾರ ಬೇಕಾಗಿರುವುದು ದಪ್ಪ ಕೇಬಲ್‌ನಿಂದ, ಇಲ್ಲವೇ ಮೆಸ್ಕಾಂನ ಟ್ರಾನ್ಸ್‌ಫಾರ್ಮರ್ ಟ್ಯಾಪ್ ಹೊಂದಾಣಿಕೆಯಿಂದ. ಹೊಸ ಇನ್ವರ್ಟರ್ ತಂದು ಕೂರಿಸಿದರೂ ಅದೇ ದೂರು ಮರುಕಳಿಸುತ್ತದೆ.

ಹಾಗೆಯೇ ಬ್ಯಾಟರಿ ಇಲ್ಲದ ಘಟಕವು ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗಳ ಜೀವರಕ್ಷಣೆಗಾಗಿ ಈ ವ್ಯವಸ್ಥೆ ಕಡ್ಡಾಯ. ಬ್ಯಾಟರಿಯ ಯುಪಿಎಸ್‌ಗೆ ಒಗ್ಗಿದ ಮನೆಯವರಿಗೆ ಇದನ್ನು ಮಾರಾಟದ ವೇಳೆಯಲ್ಲೇ ತಿಳಿಸಿ, ಬರಹದಲ್ಲೂ ಕೊಟ್ಟರೆ ಹಲವು ವ್ಯರ್ಥ ಓಡಾಟಗಳು ತಪ್ಪುತ್ತವೆ.

ಐದನೆಯ ವರ್ಷದ ಲೆಕ್ಕ

ಉತ್ಪಾದಕರ ವಾರಂಟಿಯು ಸಾಮಾನ್ಯವಾಗಿ ಯಂತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ಬಿಚ್ಚಿ ಕೂರಿಸುವ ಕೂಲಿ, ಓಡಾಟ, ಕೆಲವೊಮ್ಮೆ ಸಾಗಣೆ ವೆಚ್ಚ ಇವೆಲ್ಲವೂ ಅಳವಡಿಸಿದವರ ಪಾಲಿಗೆ ಬರುತ್ತವೆ. ಸೇವಾ ಕೇಂದ್ರ ಬೆಂಗಳೂರಿನಲ್ಲಿದ್ದರೆ ಸುಮಾರು 300 ಕಿ.ಮೀ. ದೂರ ಪೆಟ್ಟಿಗೆ ಹೋಗಿ ಬರಬೇಕು. ಅಷ್ಟರಲ್ಲಿ ದಿನಕ್ಕೆ ಸುಮಾರು 12 ಯೂನಿಟ್ ಉತ್ಪಾದಿಸುವ 3 ಕಿಲೋವ್ಯಾಟ್ ಘಟಕ ಹತ್ತು ದಿನ ನಿಂತರೆ, ಗ್ರಾಹಕರಿಗೆ 120 ಯೂನಿಟ್ ನಷ್ಟ, ವರ್ತಕರಿಗೆ ಹೆಸರಿನ ನಷ್ಟ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಒಬ್ಬ ವರ್ತಕರು ವರ್ಷಕ್ಕೆ 40 ಘಟಕ ಅಳವಡಿಸುತ್ತಾರೆ. ಪ್ರತಿ ಐದು ಘಟಕಕ್ಕೆ ವರ್ಷಕ್ಕೊಂದು ದೂರು ಬರುತ್ತದೆ. ಒಂದು ಭೇಟಿಗೆ ಕೂಲಿ ಮತ್ತು ಪೆಟ್ರೋಲ್ ಸೇರಿ ರೂ. 600. ಅರ್ಧದಷ್ಟು ದೂರುಗಳಲ್ಲಿ ಇನ್ವರ್ಟರ್ ಬದಲಾಯಿಸಬೇಕಾಗಿ, ಎರಡನೆಯ ಭೇಟಿಯೂ ರೂ. 1,000 ಸಾಗಣೆ ವೆಚ್ಚವೂ ಸೇರುತ್ತವೆ ಎಂದಿಟ್ಟುಕೊಳ್ಳಿ. ಮೊದಲ 40 ಘಟಕಗಳಿಂದ ವರ್ಷಕ್ಕೆ 8 ದೂರು, ರೂ. 11,200 ಖರ್ಚು. ಇದು ಯಾರಿಗೂ ಹೊರೆಯೆನಿಸದು. ಆದರೆ ಐದು ವರ್ಷಗಳ ವ್ಯಾಪಾರ ಪೂರ್ಣಗೊಳ್ಳುವಾಗ 200 ಘಟಕಗಳು ವಾರಂಟಿಯಲ್ಲಿರುತ್ತವೆ. ಆಗ ವರ್ಷಕ್ಕೆ 40 ದೂರು, ರೂ. 56,000 ಖರ್ಚು. ಮಾರಾಟ ಮಾತ್ರ ಮೊದಲಿನಂತೆ 40 ಘಟಕ. ಖರ್ಚು ಐದು ಪಟ್ಟಾದರೂ ಆದಾಯ ಇದ್ದಲ್ಲೇ ಇದೆ.

ಇದನ್ನು ಬಿಡಿಸಿ ನೋಡಿದರೆ ಪ್ರತಿ ಘಟಕದ ಐದು ವರ್ಷಗಳ ಸೇವೆಗೆ ರೂ. 1,400 ಬೀಳುತ್ತದೆ. ಅಂಗಡಿಯಿಂದ ಅಂಗಡಿಗೆ ಈ ಅಂಕಿ ಬದಲಾದೀತು, ಲೆಕ್ಕದ ಕ್ರಮ ಬದಲಾಗದು. ಪಕ್ಕದ ಅಂಗಡಿಯವರಿಗಿಂತ ಸಾವಿರ ರೂಪಾಯಿ ಕಡಿಮೆ ಹೇಳುವ ಮುನ್ನ, ಆ ಸಾವಿರ ಯಾವ ಬಾಬ್ತಿನಿಂದ ಹೋಗುತ್ತಿದೆ ಎಂದು ನೋಡುವುದು ಲೇಸು.

ತೆರಿಗೆಯ ದೃಷ್ಟಿಯಿಂದ

ವಾರಂಟಿ ಬದಲಾವಣೆಯ ಜಿಎಸ್‌ಟಿ ಕುರಿತು ಕೇಂದ್ರವು 2023ರ ಜುಲೈ 17ರಂದು 195ನೇ ಸುತ್ತೋಲೆಯ ಮೂಲಕ ಸ್ಪಷ್ಟನೆ ನೀಡಿತು. 2024ರ ಜೂನ್ 26ರ 216ನೇ ಸುತ್ತೋಲೆಯು, ಬಿಡಿಭಾಗವಲ್ಲದೆ ಇಡೀ ಸರಕನ್ನೇ ಬದಲಾಯಿಸಿದಾಗಲೂ ಅದು ಅನ್ವಯಿಸುವುದೆಂದು ತಿಳಿಸಿತು. ಅದರ ಸಾರಾಂಶ ಹೀಗಿದೆ. ಗ್ರಾಹಕರಿಂದ ಹಣ ಪಡೆಯದೆ ಬದಲಾಯಿಸಿದರೆ ಅದಕ್ಕೆ ಪ್ರತ್ಯೇಕ ತೆರಿಗೆಯಿಲ್ಲ. ವಿತರಕರು ತಮ್ಮ ದಾಸ್ತಾನಿನಿಂದ ಕೊಟ್ಟ ಸರಕನ್ನು ಉತ್ಪಾದಕರು ಮರಳಿ ತುಂಬಿಕೊಟ್ಟರೆ ಅದಕ್ಕೂ ತೆರಿಗೆಯಿಲ್ಲ. ಆದರೆ ಸರಕಿನ ಬೆಲೆಗೋ ದುರಸ್ತಿಯ ಕೂಲಿಗೋ ಉತ್ಪಾದಕರ ಹೆಸರಿಗೆ ಬಿಲ್ ಮಾಡಿದರೆ ಆ ಬಿಲ್ಲಿಗೆ ತೆರಿಗೆ ತಗಲುತ್ತದೆ. ಆದ್ದರಿಂದ ಕೂಲಿ ಯಾರು ಕೊಡುತ್ತಾರೆ, ಯಾವ ದಾಖಲೆಯ ಮೇಲೆ ಕೊಡುತ್ತಾರೆ ಎಂಬುದನ್ನು ಖರೀದಿಯ ವೇಳೆಯಲ್ಲೇ ಬರಹದಲ್ಲಿ ಪಡೆಯಬೇಕು.

ವಾರಂಟಿಗಾಗಿ ತೆಗೆದಿಡುವ ಮೊತ್ತದ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಮಹತ್ವದ ತೀರ್ಪು ನೀಡಿತು. ಹಿಂದಿನ ವರ್ಷಗಳ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಿದ ವಾರಂಟಿ ಮೊತ್ತವನ್ನು ಆದಾಯದಿಂದ ಕಳೆಯಬಹುದೆಂಬುದು ಅದರ ತಿರುಳು. ಊಹೆಯ ಅಂಕಿ ನಿಲ್ಲದು, ದಾಖಲೆ ಬೇಕು. ನಿಮ್ಮ ಲೆಕ್ಕಪರಿಶೋಧಕರೊಡನೆ ಈ ಬಗ್ಗೆ ಚರ್ಚಿಸುವುದು ಒಳಿತು.

ಕೈಗೊಳ್ಳಬೇಕಾದ ಕ್ರಮಗಳು

ಪ್ರತಿ ಘಟಕಕ್ಕೂ ಪುಸ್ತಕದಲ್ಲಿ ಒಂದು ಪುಟವಿರಲಿ. ಇನ್ವರ್ಟರ್‌ನ ಕ್ರಮಸಂಖ್ಯೆ, ಅಳವಡಿಸಿದ ದಿನಾಂಕ, ಅಂದಿನ ಲೈನ್ ವೋಲ್ಟೇಜ್, ಅರ್ಥಿಂಗ್ ಅಳತೆ, ನಂತರದ ಪ್ರತಿ ದೂರು ಹಾಗೂ ಖರ್ಚು ಅಲ್ಲಿ ದಾಖಲಾಗಬೇಕು. ಎರಡು ವರ್ಷದಲ್ಲಿ ಯಾವ ಮಾದರಿ ಬಾಳುತ್ತದೆ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ದೂರು ಬಂದೊಡನೆ ಯಂತ್ರದ ಪರದೆಯಲ್ಲಿನ ದೋಷಸಂಖ್ಯೆಯ ಚಿತ್ರವನ್ನು ಗ್ರಾಹಕರಿಂದಲೇ ಮೊಬೈಲಿಗೆ ತರಿಸಿಕೊಂಡರೆ ಮೊದಲ ಭೇಟಿಯನ್ನೇ ಎಷ್ಟೋ ಸಲ ಉಳಿಸಬಹುದು.

ಖರೀದಿಸುವಾಗ ಬೆಲೆಯ ಜೊತೆಗೆ ವಾರಂಟಿ ಕೊಡುವವರ ಸ್ಥಿರತೆಯನ್ನೂ ವಿಚಾರಿಸಬೇಕು. ಎಬಿಬಿಯಂತಹ ದೊಡ್ಡ ಕಂಪನಿಯೂ 2019ರಲ್ಲಿ ತನ್ನ ಸೌರ ಇನ್ವರ್ಟರ್ ವ್ಯವಹಾರವನ್ನು ಇಟಲಿಯ ಫಿಮರ್‌ಗೆ ಮಾರುವುದಾಗಿ ಘೋಷಿಸಿ 2020ರಲ್ಲಿ ಹಸ್ತಾಂತರಿಸಿತು. ಮೇಲೆ ಹೇಳಿದ ಸನ್‌ಎಡಿಸನ್ 2016ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಯಂತ್ರದ ಆಯುಸ್ಸಿಗಿಂತ ಕಂಪನಿಯ ಆಯುಸ್ಸು ಕಡಿಮೆಯಾದಾಗ ಗ್ರಾಹಕರು ಬರುವುದು ಸ್ಥಳೀಯ ಅಂಗಡಿಗೇ.

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ ಇರುವುದು 20 ಕಿ.ಮೀ.ನಷ್ಟು ಅಂತರ. ಒಂದೇ ಮಾದರಿಯ ಇನ್ವರ್ಟರ್ ಮಾರುವ ನಾಲ್ಕೈದು ವರ್ತಕರು ಸೇರಿ ಎರಡು ಬದಲಿ ಯಂತ್ರಗಳನ್ನು ಸಮಪಾಲಿನ ವೆಚ್ಚದಲ್ಲಿ ಇಟ್ಟುಕೊಂಡರೆ, ಕೆಟ್ಟದ್ದು ಬೆಂಗಳೂರಿನಿಂದ ಮರಳುವವರೆಗೆ ಗ್ರಾಹಕರ ಘಟಕ ನಡೆಯುತ್ತಿರುತ್ತದೆ. ಒಟ್ಟಾಗಿ ಕೇಳಿದರೆ ಊರಿನಲ್ಲೇ ದಾಸ್ತಾನು ಇಡುವಂತೆ ಉತ್ಪಾದಕರನ್ನು ಒಪ್ಪಿಸುವುದೂ ಸುಲಭವಾದೀತು. ಆಸಕ್ತ ಸದಸ್ಯರು ಮುಂದಿನ ಗುಡುಗಿನ ಮಳೆಗಾಲಕ್ಕೆ ಮೊದಲೇ ಈ ಏರ್ಪಾಡನ್ನು ಮಾಡಿಕೊಳ್ಳುವುದು ಕ್ಷೇಮ.